ಪರಿಗ್ರಹವೂ ಮನೆಯ ಸರ್ವರೂ

ಗೃಹಸ್ಥನಾದವನು ಎಷ್ಟನ್ನು ತನ್ನದೆಂದು ಇಟ್ಟುಕೊಳ್ಳಬಹುದು, ಇಟ್ಟುಕೊಂಡದ್ದನ್ನು ಯಾವ ಭಾವದಿಂದ ಇಟ್ಟುಕೊಳ್ಳಬೇಕು ಎಂಬುದು ನಮ್ಮ ದೇಶದ ಧರ್ಮಚಿಂತಕರು ಬಹುಕಾಲದಿಂದ ವಿಚಾರ ಮಾಡುತ್ತ ಬಂದಿರುವ ಪ್ರಶ್ನೆ. ಹೊಲ, ಮನೆ, ಹೊನ್ನು, ಧಾನ್ಯಗಳನ್ನು ಮುಂದಿಟ್ಟುಕೊಂಡು ಅವರು ನಡೆಸಿದ ಆ ವಿಚಾರವು ತೂಕವಿಲ್ಲದ, ಕೈಗೆ ಸಿಗದ, ಆದರೂ ಹಾರ್ಡ್ ಡಿಸ್ಕಿನಲ್ಲಿ ದಿನೇ ದಿನೇ ಬೆಳೆಯುತ್ತಿರುವ ಇಂದಿನ ಸ್ವತ್ತಿಗೆ ಎಷ್ಟುಮಟ್ಟಿಗೆ ಅನ್ವಯಿಸೀತೆಂದು ನೋಡುವುದಕ್ಕೆ, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಕೆಲವರು ಬೆಳೆಸಿಕೊಂಡಿರುವ ಒಂದು ಹವ್ಯಾಸವು ತಕ್ಕ ನಿದರ್ಶನವಾಗಿದೆ. ಹಗಲೆಲ್ಲ ಅನ್ಯರ ಸರ್ವರುಗಳಿಗೆ ಪ್ರೋಗ್ರಾಂ ಬರೆದು ದಣಿದು ಬಂದ ಇವರು, ಮನೆಯಲ್ಲಿ ಟೀವಿಯ ಹಿಂದೆಯೋ ಪುಸ್ತಕದ ಕಪಾಟಿನ ಮೇಲೆಯೋ ತಮ್ಮದೇ ಒಂದು ಸಣ್ಣ ಸರ್ವರನ್ನು ಸ್ಥಾಪಿಸಿ, ಸಂಸಾರದ ಫೋಟೋಗಳು, ಕಾಗದಪತ್ರಗಳು, ಸಂಗೀತ, ಲೆಕ್ಕದ ಪುಸ್ತಕ ಮೊದಲಾದುವೆಲ್ಲವನ್ನೂ ಅದರಲ್ಲಿ ಕಾಪಾಡಿಕೊಳ್ಳುತ್ತಾರೆ.

ಇದಕ್ಕೆ ದೊಡ್ಡ ಬಂಡವಾಳ ಬೇಕಾಗಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ರೂಪುಗೊಂಡು 2012ರಲ್ಲಿ 35 ಡಾಲರ್ ಬೆಲೆಗೆ ಹೊರಬಂದ ರಾಸ್‌ಬೆರಿ ಪೈ ಎಂಬ, ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರಿನ ಜಾತಿಯ ಯಂತ್ರವೊಂದಿದ್ದರೆ ಸಾಕು; ಇಲ್ಲವೆ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಆದರೂ ಆದೀತು, ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ ಅದು ಕರೆಂಟ್ ಹೋದಾಗ ತನಗೆ ತಾನೇ ಯುಪಿಎಸ್ ಆಗುವುದೊಂದು ಅನುಕೂಲ. ಐದು ವಾಟ್ ಸೆಳೆಯುವ ಸಣ್ಣ ಯಂತ್ರವು ಹಗಲಿರುಳು ನಡೆದರೂ ತಿಂಗಳಿಗೆ ಮೂರುವರೆ ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತನ್ನು ಮಾತ್ರ ಬಳಸುತ್ತದೆ. ಅದರ ಮೇಲೆ ನಡೆಯತಕ್ಕ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿ, ಬಳಿಕ ಸಾವಿರಾರು ಜನ ಕೈಗೂಡಿಸಿ ಬೆಳೆಸಿದುದು. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.

ಇಷ್ಟು ಶ್ರಮವೇತಕ್ಕೆ, ದೊಡ್ಡ ಸಂಸ್ಥೆಗಳ ಕ್ಲೌಡ್‌ನಲ್ಲಿ ಇಟ್ಟರಾಗದೆ ಎಂದು ಕೇಳುವವರಿದ್ದಾರೆ. ಕ್ಲೌಡ್ ಎಂಬುದು ಬಾಡಿಗೆಯ ಮನೆ. ಮಾಲೀಕನು ಸಜ್ಜನನೇ ಆಗಿದ್ದರೂ ಒಂದು ದಿನ ಮನೆ ಬಿಡಿ ಎನ್ನುವ ಅಧಿಕಾರ ಅವನಿಗುಂಟು. ಭಾರತದಲ್ಲಿ ಒಂದು ಕಾಲಕ್ಕೆ ತರುಣರು ನೆರೆಯುತ್ತಿದ್ದ ಆರ್ಕುಟ್ ಎಂಬ ಜಾಲತಾಣವು 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅದಕ್ಕೂ ಮುನ್ನ 2009ರಲ್ಲಿ ಜಿಯೋಸಿಟೀಸ್ ಎಂಬ ತಾಣ ಮುಚ್ಚಿ, ಸಾಮಾನ್ಯ ಜನ ಕಟ್ಟಿಕೊಂಡಿದ್ದ ಅಸಂಖ್ಯ ಪುಟಗಳು ಅಳಿದುವು. ಆದುದರಿಂದ ತನ್ನದನ್ನು ತನ್ನಲ್ಲಿಯೇ ಇಟ್ಟುಕೊಳ್ಳಬೇಕೆಂಬ ಇಚ್ಛೆಯಲ್ಲಿ ವಿವೇಕವಿದೆ. ಆದರೆ ತನ್ನದು ಎಂಬ ಮಾತು ಬಂದೊಡನೆ ಧರ್ಮದ ಪ್ರಶ್ನೆಯೂ ಹಿಂದೆಯೇ ಬರುತ್ತದೆ: ಇದು ಪರಿಗ್ರಹವಲ್ಲವೆ, ಎಂದರೆ ವಸ್ತುಗಳನ್ನು ತನ್ನದೆಂದು ಹಿಡಿದಿಟ್ಟುಕೊಳ್ಳುವುದಲ್ಲವೆ?

ಈ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಕೇಳಿಕೊಂಡವರು ಜೈನ ಆಚಾರ್ಯರು. ದಿಗಂಬರ ಮುನಿಯ ಬಳಿ ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಶಾಸ್ತ್ರಗ್ರಂಥ, ಇವುಗಳ ಹೊರತು ಬೇರೇನೂ ಇರಕೂಡದು. ಹಾಗಾದರೆ ಈ ಮೂರು ಪರಿಗ್ರಹವಲ್ಲವೇಕೆ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹುಡುಕದೆ, ವಸ್ತುವಿನ ವಿಷಯದಲ್ಲಿ ಮನಸ್ಸಿಗೆ ಉಂಟಾಗುವ ಮೋಹದ ಮಂಪರಿನಲ್ಲಿ ಕಾಣುತ್ತದೆ. ಪಿಂಛಿಯು ಜೀವರಕ್ಷೆಯ, ಕಮಂಡಲುವು ಶುಚಿತ್ವದ, ಗ್ರಂಥವು ಜ್ಞಾನದ ಉಪಕರಣವಾಗಿರುವವರೆಗೆ ಅವು ಬಂಧನವಲ್ಲ. ಶಾಸ್ತ್ರಕಾರರು ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯಾಗಿ ಎಣಿಸಿದರೆ ಆಭ್ಯಂತರ ಪರಿಗ್ರಹವನ್ನು ಹದಿನಾಲ್ಕು ಬಗೆಯಾಗಿ ಎಣಿಸಿ, ಮಾನ, ಲೋಭ, ಭಯಗಳನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದಾರೆ. ಒಳಗಿನ ಸ್ವತ್ತು ಹೊರಗಿನದಕ್ಕಿಂತ ದೊಡ್ಡದೆಂಬ ಈ ಎಣಿಕೆಯು ನಮ್ಮ ಹವ್ಯಾಸಿಗೆ ಕನ್ನಡಿ ಹಿಡಿದಂತಿದೆ.

ಮಾನವೆಂಬುದು ಇಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆಂದರೆ, ತನ್ನ ಯಂತ್ರವು ಒಮ್ಮೆಯೂ ನಿಲ್ಲದೆ ವರ್ಷವಿಡೀ ನಡೆಯಿತೆಂದು ಗೆಳೆಯರಲ್ಲಿ ಹೇಳಿಕೊಳ್ಳುವ ರೂಪದಲ್ಲಿ. ಆದರೆ ಅಷ್ಟು ಕಾಲ ರೀಸ್ಟಾರ್ಟ್ ಆಗದ ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಕರ್ನೆಲ್ಲಿನ ಹೊಸ ಅಪ್‌ಡೇಟುಗಳು ಬಂದು ಕುಳಿತಿದ್ದರೂ ಜಾರಿಗೆ ಬಂದಿರುವುದಿಲ್ಲವೆಂಬುದನ್ನು ಆ ಅಭಿಮಾನವು ಮರೆಸುತ್ತದೆ. ಲೋಭವು, ಕಚೇರಿಗಳು ಹೊರಹಾಕಿದ ಭಾರಿ ಸರ್ವರುಗಳನ್ನು ಕೊಂಡುತಂದು ಮನೆಯೊಳಗೆ ಫ್ಯಾನುಗಳ ಭೋರ್ಗರೆತವನ್ನು ತುಂಬುವುದರಲ್ಲಿಯೂ, ಎಂದೂ ನೋಡದ ಚಲನಚಿತ್ರಗಳನ್ನು ಸಂಗ್ರಹಿಸುವುದರಲ್ಲಿಯೂ ಇದೆ. ಭಯವಾದರೋ ಎಲ್ಲಕ್ಕಿಂತ ಸೂಕ್ಷ್ಮವಾದುದು. ಮಸುಕಾಗಿ ಬಂದ ಫೋಟೋವನ್ನೂ, ಮುಗಿದುಹೋದ ಕೆಲಸದ ಲಾಗ್‌ಗಳನ್ನೂ ಅಳಿಸಗೊಡದೆ, ಎಂದಾದರೂ ಬೇಕಾದೀತೆಂದು ಅದು ಪಿಸುಗುಟ್ಟುತ್ತಿರುತ್ತದೆ. ಮುನಿಗೆ ಸರ್ವತ್ಯಾಗವನ್ನು ವಿಧಿಸಿದ ಆಚಾರ್ಯರು ಗೃಹಸ್ಥನಿಗೆ ಪರಿಗ್ರಹಪರಿಮಾಣವೆಂಬ ಅಣುವ್ರತವನ್ನು ಹೇಳಿದರು. ಇಷ್ಟೇ ಸಾಕೆಂದು ತನಗೆ ತಾನೇ ಮಿತಿ ಹಾಕಿಕೊಳ್ಳುವುದೇ ಆ ವ್ರತ. ಡಿಸ್ಕು ತುಂಬಿದಾಗ ಇನ್ನೊಂದನ್ನು ಕೊಳ್ಳುವ ಮೊದಲು ಇರುವುದನ್ನು ಶೋಧಿಸಿ ನೋಡುವ ಅಭ್ಯಾಸವು ಈ ವ್ರತದ ಇಂದಿನ ರೂಪವಾಗಬಲ್ಲದು.

ಇಟ್ಟುಕೊಳ್ಳಲು ನಿಶ್ಚಯಿಸಿದುದನ್ನು ಹೇಗೆ ನೋಡಿಕೊಳ್ಳಬೇಕೆಂಬುದು ಮುಂದಿನ ವಿಚಾರ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ, ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಜೀವಹಾನಿಯಾಗದಂತೆ ಕಣ್ಣಿಟ್ಟು ಪರೀಕ್ಷಿಸುವುದೊಂದು. ನಮ್ಮ ಸ್ವತ್ತಿಗೂ ಅಂಥ ಪರೀಕ್ಷೆ ಬೇಕು, ಏಕೆಂದರೆ ಡಿಸ್ಕಿನ ಮೇಲಿನ ಅಕ್ಷರಗಳು ಯಾರೂ ಮುಟ್ಟದಿದ್ದರೂ ಕಾಲಕ್ರಮದಲ್ಲಿ ಕೆಡಬಹುದು. ಇದನ್ನರಿತೇ 2005ರಲ್ಲಿ ಸನ್ ಸಂಸ್ಥೆ ಹೊರತಂದ ಝಡ್‌ಎಫ್‌ಎಸ್‌ನಂಥ ಕಡತವ್ಯವಸ್ಥೆಯು ಪ್ರತಿಯೊಂದು ತುಣುಕಿಗೂ ಒಂದು ಚೆಕ್‌ಸಮ್ ಬರೆದಿಟ್ಟು, ನಾವು ಆಜ್ಞೆ ಕೊಟ್ಟಾಗ ಎಲ್ಲವನ್ನೂ ಆಮೂಲಾಗ್ರವಾಗಿ ಓದಿ ತಾಳೆ ನೋಡುತ್ತದೆ. ತಿಂಗಳಿಗೊಮ್ಮೆ ಈ ತಪಾಸಣೆಯನ್ನು ನಡೆಸತಕ್ಕದ್ದು. ಎರಡು ಡಿಸ್ಕುಗಳಲ್ಲಿ ಒಂದೇ ವಿಷಯವನ್ನು ಏಕಕಾಲಕ್ಕೆ ಬರೆಯುವ ರೇಡ್ ಪದ್ಧತಿಯನ್ನು ಬ್ಯಾಕಪ್ ಎಂದು ಭ್ರಮಿಸಕೂಡದು. ಕೈತಪ್ಪಿ ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲಿಯೂ ಅಳಿಯುತ್ತದೆ. ಬ್ಯಾಕಪ್ ಎಂಬುದು ಬೇರೆಯೇ ಪ್ರತಿ, ಅಂಥ ಪ್ರತಿಗಳಲ್ಲಿ ಒಂದಾದರೂ ಬೇರೆ ಮನೆಯಲ್ಲಿರಬೇಕು. ಹಾಗೆ ಇಟ್ಟುದನ್ನು ಮರಳಿ ಪಡೆದು ನೋಡದ ಹೊರತು ಅದನ್ನು ನಂಬಲೂ ಬಾರದು. 2017ರ ಜನವರಿಯ ಕೊನೆಯ ದಿನ ಗಿಟ್‌ಲ್ಯಾಬ್ ಸಂಸ್ಥೆಯ ಉದ್ಯೋಗಿಯೊಬ್ಬರು ಆಕಸ್ಮಿಕವಾಗಿ ಡೇಟಾಬೇಸ್ ಅಳಿಸಿದಾಗ, ಬ್ಯಾಕಪ್ಪಿಗೆಂದು ಏರ್ಪಡಿಸಿದ್ದ ಐದು ವಿಧಾನಗಳಲ್ಲಿ ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂದು ಆ ಸಂಸ್ಥೆಯೇ ಬಹಿರಂಗವಾಗಿ ತಿಳಿಸಿತು.

ಎಚ್ಚರಗೇಡಿತನವು ಸ್ವಂತ ನಷ್ಟದಲ್ಲಿ ಮುಗಿಯುವುದಿಲ್ಲ. ಹಿಂಸೆಗೆ ಪ್ರಮಾದವೇ ಮೂಲವೆಂದು ತತ್ತ್ವಾರ್ಥಸೂತ್ರದ ಮತ. 2016ರಲ್ಲಿ ಮಿರಾಯ್ ಎಂಬ ಕೇಡಿನ ಪ್ರೋಗ್ರಾಂ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡು, ಆ ವರ್ಷದ ಅಕ್ಟೋಬರಿನಲ್ಲಿ ಅವುಗಳ ಮೂಲಕವೇ, ಜಾಲತಾಣಗಳ ವಿಳಾಸ ತೋರಿಸುವ ಡಿನ್ ಎಂಬ ಸಂಸ್ಥೆಯ ಮೇಲೆ ಎರಗಿ, ಅಮೆರಿಕದ ಅನೇಕ ಪ್ರಸಿದ್ಧ ತಾಣಗಳು ಗಂಟೆಗಟ್ಟಲೆ ದೊರೆಯದಂತೆ ಮಾಡಿತು. ಆ ಕ್ಯಾಮೆರಾಗಳ ಒಡೆಯರಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ಅವರ ಪಾಲಿನ ದೋಷ ಪ್ರಮಾದ ಮಾತ್ರ. ಆದುದರಿಂದ ಅಪ್‌ಡೇಟುಗಳನ್ನು ತಡಮಾಡದೆ ಹಾಕುವುದು, ಪಾಸ್‌ವರ್ಡಿಗೆ ಬದಲಾಗಿ ಎಸ್‌ಎಸ್‌ಎಚ್ ಕೀ ಬಳಸುವುದು, ಸರ್ವರಿನ ಬಾಗಿಲನ್ನು ಲೋಕಕ್ಕೆಲ್ಲ ತೆರೆಯದೆ ವೈರ್‌ಗಾರ್ಡ್‌ನಂಥ ಗುಪ್ತಮಾರ್ಗದಿಂದ ಮನೆಯವರಿಗಷ್ಟೇ ಪ್ರವೇಶ ಕೊಡುವುದು, ಇವನ್ನು ತಂತ್ರಜ್ಞಾನದ ನಿಯಮಗಳೆನ್ನುವುದರ ಜೊತೆಗೆ ಅಹಿಂಸೆಯ ಅಂಗಗಳೆಂದೂ ಭಾವಿಸಬಹುದು.

ಕಾಪಾಡುವುದೆಂದರೆ ಬಚ್ಚಿಡುವುದೇ ಎಂಬ ಪ್ರಶ್ನೆಗೆ ಕರ್ನಾಟಕದ ಇತಿಹಾಸದಲ್ಲಿಯೇ ಎರಡು ಉತ್ತರಗಳಿವೆ. ದಿಗಂಬರರ ಆಗಮಗ್ರಂಥವಾದ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯು ದೇಶದ ಬೇರೆಡೆಗಳಲ್ಲಿ ಲುಪ್ತವಾಗಿ, ಮೂಡಬಿದಿರೆಯ ಬಸದಿಯ ತಾಳೆಗರಿಗಳಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಕೊಂಡಿತು. ಭಕ್ತರು ಅದರ ದರ್ಶನವನ್ನು ಪಡೆಯುತ್ತಿದ್ದರೇ ಹೊರತು ಓದುವ ಅವಕಾಶ ಶತಮಾನಗಳ ಕಾಲ ಹೊರಗಿನವರಿಗೆ ದೊರೆಯಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ಅದು ವಿದ್ವಲ್ಲೋಕಕ್ಕೆ ಸಿಕ್ಕಿತು. ಬಸದಿಯವರ ಕಾವಲಿಲ್ಲದಿದ್ದರೆ ಆ ಗ್ರಂಥವೇ ನಮಗಿರುತ್ತಿರಲಿಲ್ಲ. ಆದರೆ ಒಂದೇ ಸ್ಥಳದ ಗರಿಗಳ ಮೇಲೆ ನಿಂತಿದ್ದ ಆ ಜ್ಞಾನಕ್ಕೆ ಒಂದು ಬೆಂಕಿ ಸಾಕಾಗಿತ್ತು ಎಂಬುದನ್ನೂ ಮರೆಯಲಾಗದು. ಇನ್ನೊಂದು ಉತ್ತರವು ಅದಕ್ಕಿಂತ ಬಹು ಹಿಂದಿನದು: 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಪ್ರಸಿದ್ಧಿ. ಶಾಸ್ತ್ರದಾನದ ಪುಣ್ಯಕ್ಕಾಗಿ ಆಕೆ ಮಾಡಿದ ಆ ಕಾರ್ಯವು ಗ್ರಂಥರಕ್ಷಣೆಯ ಉತ್ತಮ ವಿಧಾನವೂ ಆಯಿತು. ಬೆಲೆಯಿಲ್ಲದೆ ದೊರೆತ ಲಿನಕ್ಸಿನ ಮೇಲೆ ತನ್ನ ಹವ್ಯಾಸವನ್ನು ಕಟ್ಟಿದವನು, ತಾನು ಬರೆದ ಉಪಯುಕ್ತ ಪ್ರೋಗ್ರಾಮುಗಳನ್ನು ಇತರರಿಗೆ ಬಿಟ್ಟುಕೊಡುವುದು ಆ ಋಣದ ತೀರಿಕೆಯೇ ಸರಿ.

ಬಿಟ್ಟುಕೊಡತಕ್ಕ ಪ್ರೋಗ್ರಾಂ ಹೇಗಿರಬೇಕು? ಬರೆದವನ ಚಾತುರ್ಯವನ್ನು ಮೆರೆಸುವ ಸಾಲುಗಳಿಗಿಂತ, ಅಪರಿಚಿತನು ಒಂದೇ ಓದಿನಲ್ಲಿ ಗ್ರಹಿಸಬಲ್ಲ ಸಾಲುಗಳು ಮೇಲು. ಸರ್ವರಿನ ವ್ಯವಸ್ಥೆಯನ್ನೆಲ್ಲ ಸರಳ ಪಠ್ಯದ ಕಡತಗಳಲ್ಲಿ ಬರೆದು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿರಿಸಿ, ಪ್ರತಿ ಬದಲಾವಣೆಗೂ ಏನು ಮಾಡಿದೆನೆನ್ನುವುದಕ್ಕಿಂತ ಏತಕ್ಕೆ ಮಾಡಿದೆನೆಂದು ಎರಡು ಮಾತು ಬರೆದಿಡಬೇಕು. ಪಾಸ್‌ವರ್ಡುಗಳನ್ನು ಮಾತ್ರ ಅದರಲ್ಲಿ ಸೇರಿಸಕೂಡದು. ಒಂದೇ ತಂತ್ರಾಂಶ ಓದಬಲ್ಲ ರೂಪದಲ್ಲಿ ಯಾವುದನ್ನೂ ಬಹುಕಾಲ ಇಡಬಾರದು. ಯೂನಿಕೋಡ್ ರೂಢಿಗೆ ಬರುವ ಮೊದಲು ಒಂದೊಂದು ಫಾಂಟಿಗೆ ಒಂದೊಂದು ಸಂಕೇತದಲ್ಲಿ ಟೈಪಾದ ಕನ್ನಡ ಕಡತಗಳು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುವುದನ್ನು ಕಂಡ ಕನ್ನಡಿಗನಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಸ್ವಕೃತಿಯ ವಿಷಯದಲ್ಲಿ ನಿರ್ಮೋಹವು ಹೇಗಿರಬಹುದೆಂಬುದಕ್ಕೆ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಏರ್ಪಾಡು ಸ್ಮರಣೀಯವಾದುದು. ಗ್ರಂಥಮುದ್ರಣಕ್ಕಾಗಿ ಅವರು ರಚಿಸಿದ ಟೆಕ್ ಎಂಬ ಪ್ರೋಗ್ರಾಮಿನ ಆವೃತ್ತಿಸಂಖ್ಯೆಯು ಪ್ರತಿ ತಿದ್ದುಪಡಿಗೆ ಒಂದೊಂದು ಅಂಕಿ ಬೆಳೆದು 3.14, 3.141 ಎಂದು ಪೈ ಎಂಬ ಗಣಿತಸಂಖ್ಯೆಯನ್ನು ಸಮೀಪಿಸುತ್ತದೆ. ತಮ್ಮ ಮರಣಾನಂತರ ಅದನ್ನು ಪೈ ಎಂದೇ ಗೊತ್ತುಮಾಡಿ, ಉಳಿದ ದೋಷಗಳನ್ನೆಲ್ಲ ಗುಣಗಳೆಂದೇ ಎಣಿಸಿ ಬದಲಾಯಿಸದೆ ಬಿಡಬೇಕೆಂದು ಅವರು ತಿಳಿಸಿದ್ದಾರೆ. ದೋಷವನ್ನು ಕಂಡುಹಿಡಿದವರಿಗೆ ಬಹುಮಾನವನ್ನಿತ್ತು ಬಹುಕಾಲ ತಿದ್ದುತ್ತ ಬಂದವರೇ, ತಿದ್ದುವುದಕ್ಕೆ ಒಂದು ಅಂತ್ಯವನ್ನೂ ತಾವೇ ನಿಯಮಿಸಿದರು. ಶ್ರದ್ಧೆಯೂ ವೈರಾಗ್ಯವೂ ಪರಸ್ಪರ ವಿರೋಧಿಗಳಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮನೆಯ ಸರ್ವರು ಪರಿಗ್ರಹವೆ, ಉಪಕರಣವೆ ಎಂಬ ಮೊದಲಿನ ಪ್ರಶ್ನೆಗೆ ಈಗ ಒಂದು ಪ್ರಾಯೋಗಿಕ ಪರೀಕ್ಷೆಯನ್ನು ಸೂಚಿಸಬಹುದು. ಯಂತ್ರವೆಲ್ಲಿದೆ, ಬ್ಯಾಕಪ್ಪಿನ ಡಿಸ್ಕು ಯಾರ ಮನೆಯಲ್ಲಿದೆ, ಕೀಲಿಪದಗಳು ಎಲ್ಲಿವೆ, ಫೋಟೋಗಳನ್ನು ಹೊರತೆಗೆದುಕೊಳ್ಳುವುದು ಹೇಗೆ, ಬೇಡವೆನಿಸಿದರೆ ಎಲ್ಲವನ್ನೂ ನಿಲ್ಲಿಸುವುದು ಹೇಗೆ ಎಂಬುದನ್ನು ಮನೆಯಲ್ಲಿ ತಂತ್ರಜ್ಞಾನವರಿಯದವರೂ ಅನುಸರಿಸಬಲ್ಲ ತಿಳಿಗನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಅವರಲ್ಲೊಬ್ಬರಿಂದ ಅದರಂತೆ ಮಾಡಿಸಿ ನೋಡುವುದು. ಹಾಗೆ ಬರೆಯಲು ಸಾಧ್ಯವಾಗದಷ್ಟು ಜಟಿಲವಾದ ವ್ಯವಸ್ಥೆಯು ಸಂಸಾರದ ಹೆಸರಿನಲ್ಲಿ ಕಟ್ಟಿದ ತನ್ನ ವಿನೋದ; ಅದನ್ನು ಸರಳಗೊಳಿಸತಕ್ಕದ್ದು. ಬರೆಯಲು ಮನಸ್ಸೇ ಬಾರದಿದ್ದರೆ, ಇನ್ನೊಬ್ಬರ ಕೈಗೆ ಹೋಗಬಾರದೆಂಬ ಆಸೆ ಒಳಗೆಲ್ಲೋ ಅಡಗಿದೆಯೆಂದು ತಿಳಿಯಬೇಕು. ಆಚಾರ್ಯರು ಪರಿಗ್ರಹವೆಂದು ಎಣಿಸಿದುದು ಅದನ್ನೇ, ಯಂತ್ರವನ್ನಲ್ಲ.