ನಮ್ಮ ವಿಶ್ರಾಂತಿಯನ್ನು ಹೊತ್ತವರು

ಮಂಡ್ಯದಿಂದ ಉತ್ತರಕ್ಕೆ ಸುಮಾರು 25 ಕಿ.ಮೀ. ದೂರದ ಬಸರಾಳಿನಲ್ಲಿ ಹುಟ್ಟಿ ಬೆಳೆದವರಿಗೆ ಸಮುದ್ರವೆಂಬುದು ಪಠ್ಯಪುಸ್ತಕದ ಮಾತು. ಮೂವತ್ತು ವರ್ಷ ಶಾಲಾ ಮಕ್ಕಳಿಗೆ ಭೂಗೋಳ ಕಲಿಸಿದ ನಾನು ‘ಹಿಮನದಿ’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ ಲೆಕ್ಕವಿಲ್ಲ. ಕಣ್ಣಾರೆ ಕಂಡದ್ದು ನಿವೃತ್ತಿಯಾದ ಮೇಲೆ. ಸಿಯಾಟಲ್ ನಗರದಲ್ಲಿ ನೆಲೆಸಿರುವ ಮಗಳು ಮತ್ತು ಅಳಿಯ 2023ರ ಜೂನ್ ತಿಂಗಳಿನಲ್ಲಿ ನಮ್ಮಿಬ್ಬರನ್ನೂ ಅಲಾಸ್ಕಾದ ಕಡೆಗೆ ಹೊರಟ ವಿಹಾರ ನೌಕೆಯೊಂದರಲ್ಲಿ ಏಳು ರಾತ್ರಿಗಳ ಪ್ರವಾಸಕ್ಕೆ ಕರೆದೊಯ್ದರು.

ಊರು ಬಿಡುವ ಮುನ್ನವೇ ಸುದ್ದಿ ಹರಡಿತ್ತು. ಹಿಂದಿನ ಬೀದಿಯ ತಾಯಿಯೊಬ್ಬರು ಬಂದು ಜಗಲಿಯ ಮೇಲೆ ಕುಳಿತರು. ಅವರ ಮಗ ಮೈಸೂರಿನಲ್ಲಿ ಹೋಟೆಲ್ ನಿರ್ವಹಣೆಯ ಶಿಕ್ಷಣ ಮುಗಿಸಿ ಯಾವುದೋ ಹಡಗು ಸೇರಿ ನಾಲ್ಕಾರು ವರ್ಷಗಳಾಗಿದ್ದವು. “ಮೇಷ್ಟ್ರೇ, ನಮ್ ಹೈದ್ನೂ ಅಂಥದ್ದೇ ಹಡಗ್ನಲ್ಲವ್ನೆ. ಕಣ್ಗೆ ಬಿದ್ರೆ, ನಿಮ್ಮವ್ವ ಕೇಳುದ್ಲು ಅನ್ನಿ” ಎಂದರು. ಲೋಕದ ಸಮುದ್ರಗಳಲ್ಲಿ ಅಂತಹ ಹಡಗುಗಳು ನೂರಾರಿವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. “ಆಗ್ಲಿ ಕಣವ್ವ, ನೋಡ್ತೀನಿ” ಎಂದುಬಿಟ್ಟೆ. ಅದು ಸೌಜನ್ಯವೋ ಸುಳ್ಳೋ ಇಂದಿಗೂ ತೀರ್ಮಾನಿಸಲಾರೆ.

ಪ್ರವಾಸ ಕಥನ ಬರೆಯುವುದು ಇಲ್ಲಿ ನನ್ನ ಉದ್ದೇಶವಲ್ಲ. ಆ ಏಳು ದಿನಗಳಲ್ಲಿ ಮನಸ್ಸನ್ನು ಹೊಕ್ಕ ಪ್ರಶ್ನೆಯೊಂದು ಇನ್ನೂ ಹೊರಬಂದಿಲ್ಲ. ಒಬ್ಬನ ವಿಶ್ರಾಂತಿಯು ಮತ್ತೊಬ್ಬನ ಬಿಡುವಿಲ್ಲದ ದುಡಿಮೆಯ ಮೇಲೆ ನಿಂತಿರುವಾಗ, ವಿಶ್ರಮಿಸುವವನು ಯಾವುದಕ್ಕೆ ಹೊಣೆಗಾರ?

ಪ್ರಯಾಣದ ಮಧ್ಯದಲ್ಲಿ ಹಡಗು ಗ್ಲೇಸಿಯರ್ ಬೇ ಎಂಬ ಕೊಲ್ಲಿಯನ್ನು ಪ್ರವೇಶಿಸುತ್ತದೆ. ಅದು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡಕ್ಕಿಂತ ಹೆಚ್ಚು ದೊಡ್ಡ ವಿಹಾರ ನೌಕೆಗಳಿಗೆ ಅಲ್ಲಿ ಪ್ರವೇಶವಿಲ್ಲ. ಉದ್ಯಾನದ ಅಧಿಕಾರಿಗಳೇ ಹಡಗನ್ನೇರಿ ಧ್ವನಿವರ್ಧಕದಲ್ಲಿ ವಿವರಣೆ ನೀಡುತ್ತಾರೆ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ತಂಡ ಬಂದಾಗ ಅಲ್ಲಿ ಕೊಲ್ಲಿಯೇ ಇರಲಿಲ್ಲವಂತೆ. ಬಾಯಿಯವರೆಗೂ ಹಿಮ ತುಂಬಿತ್ತು. 1879ರಲ್ಲಿ ಜಾನ್ ಮ್ಯೂರ್ ಬರುವಷ್ಟರಲ್ಲಿ ಹಿಮ ಎಪ್ಪತ್ತು ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿತ್ತು. ಅದಕ್ಕೂ ಮೊದಲು, ಮುನ್ನುಗ್ಗಿ ಬಂದ ಅದೇ ಹಿಮ ಅಲ್ಲಿ ವಾಸವಾಗಿದ್ದ ಹೂನಾ ಟ್ಲಿಂಗಿಟ್ ಜನರನ್ನು ಮನೆಮಠ ಬಿಡಿಸಿತ್ತು. ಅವರ ನೆನಪಿಗೆಂದು ಆ ನೆಲದಲ್ಲಿ ಮತ್ತೆ ಒಂದು ಕುಲಮನೆ ಎದ್ದದ್ದು 2016ರಲ್ಲಿ.

ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಿತು. ಒಂದೂವರೆ ಕಿ.ಮೀ. ಅಗಲದ ನೀಲಿ ಬಿಳುಪಿನ ಗೋಡೆ. ಸಾವಿರಾರು ಜನರಿದ್ದರೂ ಮಾತಿಲ್ಲ. ದೂರದಲ್ಲಿ ಗುಡುಗಿದಂತೆ ಸದ್ದು; ಹಿಮದ ಒಂದು ಭಾಗ ಕಳಚಿ ನೀರಿಗೆ ಬಿತ್ತು. ನನ್ನಾಕೆ ಕೈ ಮುಗಿದಳು. ಸೃಷ್ಟಿಕರ್ತನ ಮಹಿಮೆಯೆದುರು ಮನುಷ್ಯ ಎಷ್ಟು ಅಲ್ಪನೆಂದು ನಾನು ಯೋಚಿಸುತ್ತಿದ್ದಾಗ, “ಸರ್, ಬಿಸಿ ಸೂಪ್ ತಗೊಳ್ಳಿ” ಎಂಬ ಕನ್ನಡದ ದನಿ ಕೇಳಿಸಿತು.

ನಮ್ಮ ಊಟದ ಮೇಜಿಗೆ ಬಡಿಸುತ್ತಿದ್ದ ಹುಡುಗನೇ ಅವನು. ಕಾರ್ಕಳದ ಕಡೆಯವನು. ಮೊದಲ ದಿನವೇ ನಾವಿಬ್ಬರು ಮಾತಾಡಿಕೊಳ್ಳುವುದನ್ನು ಕೇಳಿ ಮುಖವರಳಿಸಿ ಕನ್ನಡಕ್ಕೆ ಹೊರಳಿದ್ದ. ಎದೆಯ ಮೇಲಿನ ಫಲಕದಲ್ಲಿ ಹೆಸರು, ಅದರ ಕೆಳಗೆ ‘ಇಂಡಿಯಾ’. ಅತ್ತೂರು ಚರ್ಚಿನ ಜನವರಿ ಹಬ್ಬವನ್ನು ನೋಡಿ ನಾಲ್ಕು ವರ್ಷವಾಯಿತೆಂದು ಹೇಳಿದ್ದ. ಅಂದು ಮೇಲಟ್ಟದಲ್ಲಿ ಅವನು ತಟ್ಟೆ ಹಿಡಿದು ನಮ್ಮ ಕಡೆಗೆ ಮುಖಮಾಡಿ ನಿಂತಿದ್ದ. ಹಿಮನದಿ ಅವನ ಬೆನ್ನ ಹಿಂದಿತ್ತು. “ನೋಡಪ್ಪ, ಎಂಥ ದೃಶ್ಯ!” ಎಂದೆ. ಒಂದು ಕ್ಷಣ ತಿರುಗಿ ನೋಡಿದ. “ಹೌದು ಸರ್. ಈ ಸಲದ ಒಪ್ಪಂದದಲ್ಲಿ ಏಳನೇ ಸಲ ಬಂದದ್ದು. ಮೇಲೆ ಡ್ಯೂಟಿ ಬಿದ್ದದ್ದು ಇವತ್ತೇ” ಎಂದು ನಕ್ಕು ಮುಂದಿನ ಸಾಲಿಗೆ ಹೋದ.

ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು 1234ರಲ್ಲಿ ಹರಿಹರ ದಣ್ಣಾಯಕನು ಕಟ್ಟಿಸಿದನೆಂದು ನಾನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಹೊರಗೋಡೆಯ ಶಿಲ್ಪಸಾಲುಗಳನ್ನು ತೋರಿಸುತ್ತಿದ್ದೆ. ಆ ಕಲ್ಲನ್ನು ಹೊತ್ತು ತಂದವರು ಯಾರೆಂದು ಒಬ್ಬ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಯ್ಸಳರ ಕಾಲದ ಕೆಲವು ಶಿಲ್ಪಿಗಳಾದರೂ ತಮ್ಮ ಹೆಸರನ್ನು ಕೆತ್ತಿ ಹೋದರು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವು ಕಡೆ ಇದೆ. ಹೊತ್ತವರ ಹೆಸರು ಎಲ್ಲಿಯೂ ಇಲ್ಲ. ಸೌಂದರ್ಯವನ್ನು ನೋಡುವ ಕಣ್ಣಿಗೆ ಅದನ್ನು ನಮ್ಮವರೆಗೆ ತಲುಪಿಸಿದ ಹೆಗಲು ಕಾಣುವುದಿಲ್ಲವೆಂಬುದು ಹಳೆಯ ಕಥೆಯೇ.

ಹಡಗಿನಲ್ಲಿ ಈ ಕಾಣದಿರುವಿಕೆ ಒಂದು ವ್ಯವಸ್ಥೆಯಾಗಿಬಿಟ್ಟಿದೆ. ದುಡಿಯುವವರ ಕೋಣೆಗಳು ಕೆಳ ಅಂತಸ್ತಿನಲ್ಲಿ. ಅವರು ಓಡಾಡುವ ದಾರಿ, ಮೆಟ್ಟಿಲು ಬೇರೆ. ಹಡಗು ಅಮೆರಿಕದ ಬಂದರಿನಿಂದ ಹೊರಟರೂ ಅದರ ಬಾವುಟ ಬಹಾಮಾಸ್, ಪನಾಮ, ಬರ್ಮುಡಾ ಮುಂತಾದ ಪುಟ್ಟ ದೇಶಗಳದ್ದು. ಆದ್ದರಿಂದ ಅಮೆರಿಕದ ಕನಿಷ್ಠ ವೇತನದ ಕಾನೂನು ಅವರಿಗೆ ಅನ್ವಯಿಸದು. (ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಹಡಗು ನಿಂತದ್ದೇಕೆಂದು ವಿಚಾರಿಸಿದರೆ, ವಿದೇಶಿ ಬಾವುಟದ ಹಡಗು ಹೀಗೆ ಹೊರಟ ಬಂದರಿಗೇ ಮರಳಬೇಕಾದರೆ ನಡುವೆ ವಿದೇಶಿ ಬಂದರೊಂದನ್ನು ಮುಟ್ಟಲೇಬೇಕೆಂದು 1886ರ ಕಾನೂನಿದೆಯಂತೆ!) ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2006ರಲ್ಲಿ ರೂಪಿಸಿದ ಸಾಗರ ಕಾರ್ಮಿಕರ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂದಿತು, ಭಾರತವೂ 2015ರಲ್ಲಿ ಅದಕ್ಕೆ ಸಮ್ಮತಿಯಿತ್ತಿತು. ಅದು ನಿಜಕ್ಕೂ ಒಂದು ಉಪಕಾರ. ಆದರೂ ಅದರ ಲೆಕ್ಕವನ್ನು ಗಮನಿಸಿ: ನಾವಿಕನಿಗೆ ಇಪ್ಪತ್ನಾಲ್ಕು ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ದೊರೆಯಬೇಕು. ವಾರಕ್ಕೆ 168 ಗಂಟೆಗಳು. ಕಳೆದರೆ ಉಳಿಯುವುದು 91. ತಿಂಗಳುಗಟ್ಟಲೆ ಸಾಗುವ ಒಪ್ಪಂದದಲ್ಲಿ ಇಡೀ ದಿನದ ಬಿಡುವು ತನಗೆ ಸಿಕ್ಕದ್ದೇ ಇಲ್ಲವೆಂದು ಆ ಹುಡುಗ ಹೇಳಿದ, ದೂರಿನ ದನಿಯಲ್ಲಲ್ಲ.

ವಿಶ್ರಾಂತಿಯ ಬಗ್ಗೆ ಪವಿತ್ರ ಗ್ರಂಥದ ಆಜ್ಞೆಯನ್ನು ನಾವು ಬಾಲ್ಯದಿಂದ ಬಲ್ಲೆವು. ಆದರೆ ಅದನ್ನು ನಮ್ಮ ವಿಶ್ರಾಂತಿಯ ಆಜ್ಞೆಯೆಂದೇ ಓದಿಕೊಂಡಿದ್ದೇವೆ. ಮನೆಯ ಯಜಮಾನನಿಗೆ ವಿಶ್ರಮಿಸೆಂದು ಹೇಳಿ ಆಜ್ಞೆ ಅಲ್ಲಿಗೆ ನಿಲ್ಲುವುದಿಲ್ಲ. ಅವನ ದಾಸ, ದಾಸಿ, ಎತ್ತು, ಕತ್ತೆ, ಅವನ ಊರಿನಲ್ಲಿರುವ ಪರದೇಶಿ, ಹೀಗೆ ಪಟ್ಟಿ ಕೊಡುತ್ತದೆ. ಧರ್ಮೋಪದೇಶಕಾಂಡವಂತೂ ಕಾರಣವನ್ನೂ ಸೇರಿಸುತ್ತದೆ: ದಾಸನೂ ನಿನ್ನಂತೆಯೇ ವಿಶ್ರಮಿಸಬೇಕು, ಏಕೆಂದರೆ ಈಜಿಪ್ಟಿನಲ್ಲಿ ನೀನೂ ದಾಸನಾಗಿದ್ದೆ. ಅಂದರೆ ಯಜಮಾನನೊಬ್ಬನೇ ವಿಶ್ರಮಿಸಿದರೆ ಅದು ಸಬ್ಬತ್ ಆಗುವುದಿಲ್ಲ, ಬರಿಯ ಸೋಮಾರಿತನವಾದೀತು.

ಈ ಮಾತನ್ನು ಮಗಳ ಮುಂದಿಟ್ಟಾಗ ಅವಳು, “ಅಪ್ಪಾ, ನಮ್ಮಂಥವರು ಬರದೇ ಇದ್ದರೆ ಅವನಿಗೆ ಕೆಲಸವೇ ಇರುತ್ತಿರಲಿಲ್ಲ” ಎಂದಳು. ಅದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. 2020ರ ಮಾರ್ಚಿನಲ್ಲಿ ಲೋಕದ ವಿಹಾರ ನೌಕೆಗಳು ನಿಂತುಹೋದಾಗ ಮಂಗಳೂರು, ಉಡುಪಿ, ಗೋವಾ ಕಡೆಯ ಎಷ್ಟೋ ಮನೆಗಳಲ್ಲಿ ಒಲೆಯ ಚಿಂತೆ ಆರಂಭವಾಯಿತು. ನಮ್ಮ ಹಿಂದಿನ ಬೀದಿಯ ಆ ತಾಯಿಯ ಮನೆಯ ತಾರಸಿ ಕೆಲಸ ಅರ್ಧಕ್ಕೆ ನಿಂತದ್ದೂ ಆಗಲೇ. ಅಲಾಸ್ಕಾದ ಜೂನೋ ಪಟ್ಟಣದ ಜನರೂ ಇದೇ ಇಕ್ಕಟ್ಟಿನಲ್ಲಿದ್ದಾರೆ. ಸುಮಾರು 32 ಸಾವಿರ ಜನರ ಆ ಊರಿಗೆ ನಾವು ಹೋದ ವರ್ಷ ಹಡಗುಗಳಲ್ಲಿ ಬಂದವರು 16 ಲಕ್ಷಕ್ಕೂ ಹೆಚ್ಚು. ಶನಿವಾರಗಳಂದು ದೊಡ್ಡ ಹಡಗುಗಳು ಬರಕೂಡದು, ಊರಿಗೊಂದು ದಿನ ಬಿಡುವಿರಲಿ ಎಂಬ ಪ್ರಸ್ತಾವವನ್ನು 2024ರ ಅಕ್ಟೋಬರಿನಲ್ಲಿ ಮತಕ್ಕೆ ಹಾಕಲಾಯಿತು. ಬಹುಮತದಿಂದ ಅದು ಬಿದ್ದುಹೋಯಿತು. ವಾರಕ್ಕೊಂದು ದಿನದ ವಿಶ್ರಾಂತಿಯನ್ನು ಒಂದು ಊರೇ ಬೇಡವೆನ್ನಬೇಕಾಯಿತು. ಹೊಟ್ಟೆಪಾಡಿನ ಮುಂದೆ ಉಪದೇಶ ಮಾಡಲು ನಾನು ಯಾರು?

ಹಿಮ ಕರಗುವ ಮುನ್ನ ನೋಡಿಬಿಡೋಣವೆಂದು ಹೊಗೆಯುಗುಳುವ ಹಡಗಿನಲ್ಲಿ ಹೋಗುವ ವಿಪರ್ಯಾಸವೂ ಇದೆ. ನಾರ್ವೆಯ ಸಂಸತ್ತು ತನ್ನ ವಿಶ್ವಪರಂಪರೆಯ ಕೊಲ್ಲಿಗಳಲ್ಲಿ ಹೊಗೆಯಿಲ್ಲದ ಹಡಗುಗಳೇ ಸಂಚರಿಸಬೇಕೆಂದು 2018ರಲ್ಲಿ ನಿರ್ಣಯಿಸಿತು. ಆದರೆ ಹೊಗೆ ನಿಂತ ಮಾತ್ರಕ್ಕೆ ನನ್ನ ಪ್ರಶ್ನೆ ನಿಲ್ಲದು.

ಹೋಗದಿರುವುದು ಉತ್ತರವಲ್ಲವೆಂದು ಒಪ್ಪುತ್ತೇನೆ. ಹೋಗಿ ಬಂದು ಪಾಪಪ್ರಜ್ಞೆಯಿಂದ ನಿಟ್ಟುಸಿರು ಬಿಡುವುದೂ ಉತ್ತರವಲ್ಲ. ಅದೂ ಒಂದು ಬಗೆಯ ವಿಲಾಸವೇ. ಆದರೆ ಸಂಬಳ ಕೊಟ್ಟೆವಲ್ಲ, ಲೆಕ್ಕ ತೀರಿತು ಎನ್ನುವ ಮನೋಭಾವವನ್ನು ಮಾತ್ರ ಒಪ್ಪಲಾರೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ನೌಕೆಯನ್ನು ತಡೆಹಿಡಿದದ್ದು ಓದುಗರಿಗೆ ನೆನಪಿರಬಹುದು. 3,711 ಜನರಿದ್ದ ಆ ನೌಕೆಯಲ್ಲಿ ಏಳುನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿತು. ಪ್ರಯಾಣಿಕರನ್ನು ಅವರವರ ಕೋಣೆಗಳಲ್ಲಿರಿಸಿ ಕಾಪಾಡಲು ಯತ್ನಿಸುತ್ತಿದ್ದಾಗ, ಕೋಣೆಕೋಣೆಗೆ ಊಟ ಒಯ್ದವರು ಸಿಬ್ಬಂದಿ. ಅವರು ಮಲಗುತ್ತಿದ್ದದ್ದು ಹಂಚಿಕೊಂಡ ಕೋಣೆಗಳಲ್ಲಿ. ಆ ನೌಕೆಯಲ್ಲಿದ್ದ ಭಾರತೀಯರು 138. ಅವರಲ್ಲಿ ಪ್ರಯಾಣಿಕರು ಆರು ಮಂದಿ, ದುಡಿಯುವವರು 132. ನಮ್ಮ ದೇಶ ಇಂತಹ ಹಡಗುಗಳಲ್ಲಿ ಎಲ್ಲಿ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ನನಗೆ ತಿಳಿಯದು. ನಾನು ಆ ಆರರ ಕಡೆಯವನಾಗಿದ್ದೆ.

ಸಿಬ್ಬಂದಿಗೆಂದು ದಿನಕ್ಕಿಷ್ಟು ಡಾಲರಿನಂತೆ ಪ್ರತಿಯೊಬ್ಬರ ಲೆಕ್ಕಕ್ಕೂ ಸೇವಾಶುಲ್ಕ ಸೇರಿರುತ್ತದೆ. ಕೊನೆಯ ಸಂಜೆ ಅದನ್ನು ತೆಗೆಸಿಹಾಕಲು ಕೆಲವರು ಸರದಿಯಲ್ಲಿ ನಿಂತಿದ್ದರು. ಅವರನ್ನು ಖಂಡಿಸುವ ಮುನ್ನ ಹೇಳಿಬಿಡುತ್ತೇನೆ: ಆ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನೋಡಿ ನನ್ನ ಕೈಯೂ ಹಿಂದೆ ಸರಿದಿತ್ತು. ಮಗಳು ನಮಗೆ ತಿಳಿಯದಂತೆ ಪಾವತಿಸಿದ್ದಳು.

ಧರ್ಮಸಭೆಯಲ್ಲಿ ನಾವಿಕರ ಆರೈಕೆಗೆಂದೇ 1920ರಲ್ಲಿ ಗ್ಲಾಸ್ಗೋ ನಗರದಲ್ಲಿ ಆರಂಭವಾದ ‘ಸ್ಟೆಲ್ಲಾ ಮಾರಿಸ್’ ಸೇವೆಯಿದೆ. ಬಂದರುಗಳಲ್ಲಿ ಗುರುಗಳೂ ಸ್ವಯಂಸೇವಕರೂ ಹಡಗನ್ನೇರಿ ನಾವಿಕರ ಕುಶಲ ವಿಚಾರಿಸುತ್ತಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಒಳನಾಡಿನ ನಮಗೆ ಆ ಭಾನುವಾರ ಬಂದು ಹೋಗುವುದೇ ತಿಳಿಯುವುದಿಲ್ಲ. ಆದರೆ ಪುನರುತ್ಥಾನಗೊಂಡ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಶಿಷ್ಯರಿಗೆ ಕಾಣಿಸಿಕೊಂಡ ಪ್ರಸಂಗ ನಮಗೆಲ್ಲ ಗೊತ್ತು. ರಾತ್ರಿಯಿಡೀ ನೀರಿನ ಮೇಲೆ ದುಡಿದು ಬಂದವರಿಗಾಗಿ ಆತ ಕೆಂಡದ ಮೇಲೆ ಮೀನನ್ನಿಟ್ಟು ಕಾದಿದ್ದ.

ಆಗಸ್ಟಿನಲ್ಲಿ ಬಸರಾಳಿಗೆ ಮರಳಿದೆವು. ಎರಡನೆಯ ದಿನವೇ ಆ ತಾಯಿ ಬಂದು ಅದೇ ಜಗಲಿಯ ಮೇಲೆ ಕುಳಿತರು.

“ಸಿಕ್ಕುದ್ನಾ ಮೇಷ್ಟ್ರೇ?”

“ಅವನಲ್ಲ ಕಣವ್ವ. ಅವನಂಥವನೇ ಇನ್ನೊಬ್ಬ ಹುಡುಗ ಸಿಕ್ಕಿದ್ದ. ಕಾರ್ಕಳದ ಕಡೆಯವನು. ಚೆನ್ನಾಗಿದ್ದಾನೆ.”

ಆಕೆಯ ಮುಖ ಬಾಡಲಿಲ್ಲ. ತನ್ನ ಮಗನ ಸಮಾಚಾರವೇ ಬಂದಂತೆ ಮುಂದೆ ಬಾಗಿ, “ಆ ಹೈದ ವೊತ್ತಿಗ್ ಸರ್ಯಾಗಿ ಉಣ್ತಿದ್ನಾ?” ಎಂದು ಕೇಳಿದರು.

ಏಳು ದಿನವೂ ಹೊತ್ತು ಹೊತ್ತಿಗೆ, ಇನ್ನೇನಾದರೂ ಬೇಕೇ ಎಂದು ಅವನು ನಮ್ಮನ್ನು ಕೇಳಿದ್ದ. ಅವನು ಯಾವಾಗ ಉಣ್ಣುತ್ತಾನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.