ಅತಿವಾಹನ: ಮರೆತುಹೋದ ಒಂದು ಅತಿಚಾರ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನಾಚರಿಸುವ ಶ್ರಾವಕನು ತಾನು ತ್ಯಜಿಸಿದ ರಸಗಳನ್ನೂ ಬಿಟ್ಟ ಹೊತ್ತುಗಳನ್ನೂ ಎಚ್ಚರದಿಂದ ಎಣಿಸುತ್ತಾನೆ. ಎಣಿಸಲೇಬೇಕು. ಆದರೆ ಅದೇ ದಿನಗಳಲ್ಲಿ ಪಾರಣೆಯ ಸಾಮಗ್ರಿಯನ್ನು ಅವನ ಬಾಗಿಲಿಗೆ ಕೆಲವೇ ನಿಮಿಷಗಳಲ್ಲಿ ತಂದಿಳಿಸುವ ಯುವಕನ ಹಸಿವು ಯಾರ ಎಣಿಕೆಗೂ ಬರುವುದಿಲ್ಲ.

ಬೆಂಗಳೂರಿನಂಥ ಮಹಾನಗರದಲ್ಲಿ ಹೀಗೆ ಬೈಕಿನ ಮೇಲೆ ಅಲೆಯುವ ತರುಣರು ಅಸಂಖ್ಯ. ಅವರಿಗೆ ತಿಂಗಳ ಸಂಬಳವಿಲ್ಲ. ತಲುಪಿಸಿದ ಆರ್ಡರಿಗೆ ಇಷ್ಟೆಂದು ಹಣ. ಪೆಟ್ರೋಲು, ರಿಪೇರಿ, ಸಾಲದ ಕಂತು ಎಲ್ಲವೂ ಅವರ ಪಾಲಿಗೇ. ರಸ್ತೆಯಂಚಿನಲ್ಲಿ ಕಾದ ಹೊತ್ತಿಗೆ ಕೂಲಿಯಿಲ್ಲ. ಲೋಕದ ಊಟದ ವೇಳೆಯೇ ಅವರ ಗಳಿಕೆಯ ವೇಳೆಯಾದುದರಿಂದ, ಪರರ ಅನ್ನವನ್ನು ಬೆನ್ನಮೇಲೆ ಹೊತ್ತವನು ತಾನುಣ್ಣುವಾಗ ಹೊತ್ತು ಇಳಿದಿರುತ್ತದೆ. ಕೋಟಿ ಬೆಲೆಯ ಮನೆಗೆ ಊಟ ತಂದವನಿಗೆ ನಿವಾಸಿಗಳ ಲಿಫ್ಟ್ ಕೂಡ ಹಲವೆಡೆ ನಿಷಿದ್ಧ. ಸಂಕಲ್ಪವಿಲ್ಲದ ಈ ಹಸಿವು ಅನಶನ ತಪವಲ್ಲ. ಹೆಚ್ಚೆಂದರೆ ಅಕಾಮ ನಿರ್ಜರೆಯೆನ್ನಬಹುದು; ಹಾಗೆಂದು ಹೇಳಿ ಕೈತೊಳೆದುಕೊಳ್ಳುವವನಿಗೆ ಅದರಿಂದ ಯಾವ ನಿರ್ಜರೆಯೂ ಇಲ್ಲ!

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರ ಹೊರಿಸುವುದನ್ನೂ ಆಹಾರ ತಡೆಯುವುದನ್ನೂ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಸರ್ವವಿದಿತ. ಆದರೆ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗಲೂ ಅತಿಸಂಗ್ರಹ, ವಿಸ್ಮಯ, ಲೋಭಗಳೊಡನೆ ಅತಿವಾಹನವನ್ನೂ ಅತಿಭಾರವಹನವನ್ನೂ ಅವರು ಮತ್ತೆ ತಂದಿರಿಸಿದ್ದಾರೆ. ಶಕ್ತಿಮೀರಿ ಓಡಿಸುವ, ಹೊರಿಸುವ ಕ್ರೌರ್ಯಕ್ಕೆ ಬೇರು ಲೋಭದಲ್ಲಿದೆಯೆಂಬುದು ಆಚಾರ್ಯರ ಸೂಕ್ಷ್ಮ ದೃಷ್ಟಿ. ವ್ಯಾಖ್ಯಾನಕಾರರ ಕಣ್ಣಮುಂದೆ ಎತ್ತುಗಳಿದ್ದವು. ಎತ್ತು ದಣಿದರೆ ನಿಂತುಬಿಡುತ್ತಿತ್ತು. ಕಂತು ಕಟ್ಟಬೇಕಾದ ಯುವಕನು ನಿಲ್ಲಲಾರ.

ಕರ್ನಾಟಕವು 2025ರಲ್ಲಿ ಇಂಥ ಕಾರ್ಮಿಕರಿಗಾಗಿ ಕಾಯಿದೆಯೊಂದನ್ನು ಮಾಡಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರಷ್ಟನ್ನು ಕಂಪನಿಗಳು ಅವರ ಕ್ಷೇಮನಿಧಿಗೆ ಕಟ್ಟಬೇಕು. ಉಚಿತವೇ ಆಯಿತು. ಆದರೆ ತುರ್ತಿಲ್ಲದ ವಸ್ತುವನ್ನು ಈ ಕ್ಷಣವೇ ಬಯಸುವ ಮನಸ್ಸಿಗೆ ಕಾಯಿದೆ ಕಡಿವಾಣ ಹಾಕಲಾರದು. ಅದು ವ್ರತದ ಕೆಲಸ.

ಸೂರ್ಯಾಸ್ತಕ್ಕೆ ಮುನ್ನ ಉಣ್ಣಲು ಗಲ್ಲಾ ಬಿಟ್ಟೇಳುವ ಯಜಮಾನನ ಅಂಗಡಿಯಲ್ಲಿ ರಾತ್ರಿ ಹತ್ತರವರೆಗೆ ನಿಂತೇ ಇರುವ ಹುಡುಗನೂ ಈ ಮಾತಿನೊಳಗೆ ಬರುತ್ತಾನೆ. ಅವಧಿಯುಳ್ಳ ತ್ಯಾಗಕ್ಕೆ ನಿಯಮವೆಂದು ಹೆಸರು. ಈ ಪರ್ವದ ಹತ್ತು ದಿನ ಬೇಕಾದುದನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳುವ, ಬಾಗಿಲಿಗೆ ಬಂದವನಿಗೆ ನೀರು ಕೊಡುವ, ಅಂಗಡಿಯ ಹುಡುಗನು ಉಣ್ಣದೆ ತಾನುಣ್ಣದ ನಿಯಮವನ್ನು ಗೃಹಸ್ಥನು ಬಸದಿಯಲ್ಲಿ ಕೈಜೋಡಿಸಿ ನಿಂತು ಸ್ವೀಕರಿಸಬಹುದು.