ಸುಳ್ಳಾದರೂ ಬೇಡ, ನಿಜವಾದರೂ ಬೇಡ?

ಮೈಸೂರಿನಿಂದ ಕೆ.ಆರ್. ನಗರದ ಮೇಲೆ ಹಾಸನಕ್ಕೆ ಹೋಗುವ ದಾರಿಯಲ್ಲಿ ಭೇರ್ಯ ಸಿಗುತ್ತದೆ. ಅಲ್ಲಿ ಬಂಧುಗಳ ಮನೆಯಲ್ಲಿ ಒಂದು ಸಂಜೆ ಕೇಳಿದ ಮಾತು ಈ ಬರಹಕ್ಕೆ ಕಾರಣ. ಆ ಮನೆಯ ಹುಡುಗಿ ಪಿಯುಸಿ ಓದುತ್ತಿದ್ದಾಳೆ. ಅವಳ ಪಠ್ಯಪುಸ್ತಕಗಳ ನಡುವೆ ಎರಡು ಕಾದಂಬರಿಗಳಿದ್ದವು. ಒಂದು, ಮಾಟದ ಶಾಲೆಗೆ ಸೇರುವ ಅನಾಥ ಹುಡುಗ ಹ್ಯಾರಿ ಪಾಟರ್‌ನ ಕಥೆಯ ಮೊದಲ ಪುಸ್ತಕ. ಇನ್ನೊಂದು, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಅಜ್ಜ ಮೊದಲನೆಯದನ್ನು ಎತ್ತಿ ನೋಡಿ, “ಇದು ಬರೀ ಸುಳ್ಳು, ಜಾದೂ. ನಮಗೆ ಬೇಡ” ಎಂದರು. ಎರಡನೆಯದರ ಕಥೆ ಏನೆಂದು ಕೇಳಿ ತಿಳಿದು, “ಇದು ನಿಜವೇ ಇರಬಹುದು. ಆದರೆ ಮನೆಯೊಳಗಿನ ಮಾತು ಬೀದಿಗೆ ಬರಬಾರದು. ಇದೂ ಬೇಡ” ಎಂದರು. ಹುಡುಗಿ ಜಗಳವಾಡಲಿಲ್ಲ. “ದಾದಾ, ಒಂದು ಸುಳ್ಳು ಅಂತ ಬೇಡ ಅಂತೀರಿ, ಇನ್ನೊಂದು ನಿಜ ಅಂತ ಬೇಡ ಅಂತೀರಿ. ಹಾಗಾದರೆ ನಾನು ಏನು ಓದಲಿ?” ಎಂದು ಮಾತ್ರ ಕೇಳಿದಳು.

ಅಜ್ಜನ ಬಳಿ ಉತ್ತರ ಇರಲಿಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ, ಆ ಹೊತ್ತಿಗೆ ನಮ್ಮ ಬಳಿಯೂ ಇರಲಿಲ್ಲ. ಇದು ಆ ಒಂದು ಮನೆಯ ಸಮಸ್ಯೆಯಲ್ಲ. ಹದಿಹರೆಯದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ, ಮುಸ್ಲಿಮರ ಮನೆಗಳಲ್ಲಿ ಮಾತ್ರವಲ್ಲ, ಹಿರಿಯರು ಈ ಎರಡೂ ಬಾಗಿಲುಗಳನ್ನು ಒಟ್ಟಿಗೇ ಮುಚ್ಚುತ್ತಾರೆ. ಪುಸ್ತಕದ ಬಾಗಿಲು ಮುಚ್ಚಿದಾಗ ಮಗುವಿನ ಕೈಯಲ್ಲಿ ಉಳಿಯುವುದು ಮೊಬೈಲ್. ಅದರಲ್ಲಿ ಸುಳ್ಳೂ ಇದೆ, ಬೀದಿಗೆ ಬಂದ ಮನೆಯ ಮಾತೂ ಇದೆ. ಆದರೆ ಅದನ್ನು ಯಾರೂ ಎತ್ತಿ ನೋಡುವುದಿಲ್ಲ.

ಮೊದಲು ಸುಳ್ಳಿನ ಆಕ್ಷೇಪವನ್ನೇ ನೋಡೋಣ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸತ್ಯ ನುಡಿಯುವುದನ್ನು ವಿಶ್ವಾಸದ ಗುರುತಾಗಿ ಕಾಣುವ, ಮಾಟವನ್ನು ಮಹಾಪಾಪವೆಂದು ಎಣಿಸುವ ಧರ್ಮ ನಮ್ಮದು. ಮಕ್ಕಾದಲ್ಲಿ ನದ್ರ್ ಬಿನ್ ಹಾರಿಸ್ ಎಂಬವನು ಪರ್ಶಿಯಾದ ರುಸ್ತುಮ್, ಇಸ್ಫಂದಿಯಾರರ ಕಥೆಗಳನ್ನು ಹೇಳಿ ಜನರನ್ನು ಪ್ರವಾದಿವರ್ಯರ(ಸ) ಮಾತಿನಿಂದ ಬೇರೆಡೆಗೆ ಸೆಳೆಯುತ್ತಿದ್ದನೆಂದು ಪ್ರವಾದಿ ಚರಿತ್ರೆಯಲ್ಲಿ ಬರುತ್ತದೆ. ಕಥೆಯನ್ನು ಅನುಮಾನಿಸುವವರು ಇದನ್ನು ನೆನಪಿಸುತ್ತಾರೆ. ಆದರೆ ಅಲ್ಲಿ ಖಂಡನೆಗೆ ಒಳಗಾದದ್ದು ಕಥೆಯೇ, ಅಥವಾ ಕೇಳಬೇಕಾದ ಸತ್ಯಕ್ಕೆ ಜನರನ್ನು ಕಿವುಡಾಗಿಸಲು ಕಥೆಯನ್ನು ಬಳಸಿದ ಉದ್ದೇಶವೇ?

ಇದಕ್ಕೆ ಇನ್ನೊಂದು ಪ್ರಸಂಗವನ್ನು ಜೊತೆಗಿಟ್ಟು ನೋಡಬೇಕು. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಅದು ಇದೆ. ಆಯಿಶಾರ(ರ) ಆಟದ ಬೊಂಬೆಗಳ ನಡುವೆ ಬಟ್ಟೆಯ ಎರಡು ರೆಕ್ಕೆಗಳಿದ್ದ ಒಂದು ಕುದುರೆ ಪ್ರವಾದಿವರ್ಯರ(ಸ) ಕಣ್ಣಿಗೆ ಬಿತ್ತು. ಕುದುರೆಗೆ ರೆಕ್ಕೆಯೇ ಎಂದು ಅವರು ಕೇಳಿದರು. ಸುಲೈಮಾನರ(ಅ) ಬಳಿ ರೆಕ್ಕೆಯಿದ್ದ ಕುದುರೆಗಳಿದ್ದವೆಂದು ನೀವು ಕೇಳಿಲ್ಲವೇ ಎಂದು ಆಯಿಶಾ ಮರುಪ್ರಶ್ನೆ ಹಾಕಿದರು. ಪ್ರವಾದಿವರ್ಯರು(ಸ) ದವಡೆಯ ಹಲ್ಲುಗಳು ಕಾಣುವಷ್ಟು ನಕ್ಕರು. ಅವರು ಬೊಂಬೆಯನ್ನು ಕಿತ್ತುಕೊಳ್ಳಲಿಲ್ಲ, ಸುಳ್ಳೆಂದು ಗದರಲಿಲ್ಲ. ಎಳೆಯ ಮನಸ್ಸಿನ ಕಲ್ಪನೆಯನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದಕ್ಕೆ ಆ ನಗುವಿಗಿಂತ ದೊಡ್ಡ ಪಾಠ ಬೇಕೇ?

ಸುಳ್ಳು ಹೇಳುವವನಿಗೆ ಮೋಸಗೊಳಿಸುವ ಉದ್ದೇಶವಿರುತ್ತದೆ. ಕಥೆಗಾರನಿಗೆ ಅದಿಲ್ಲ. ‘ಒಂದಾನೊಂದು ಊರಿನಲ್ಲಿ’ ಎಂದ ಕೂಡಲೇ ಹೇಳುವವನೂ ಕೇಳುವವನೂ ಒಂದು ಒಪ್ಪಂದಕ್ಕೆ ಬರುತ್ತಾರೆ. ಬಸ್ರಾದ ಅಲ್ ಹರೀರಿ (ನಿಧನ 1122) ತಮ್ಮ ‘ಮಕಾಮಾತ್’ ಎಂಬ ಕಲ್ಪಿತ ಕಥೆಗಳ ಮುನ್ನುಡಿಯಲ್ಲಿ ಇದೇ ವಾದ ಹೂಡಿದರು. ಪ್ರಾಣಿಗಳು ಮಾತನಾಡುವ ಕಥೆಗಳನ್ನು ಕೇಳಲು ಯಾರೂ ನಿರಾಕರಿಸಿಲ್ಲ, ಹೇಳಿದವರನ್ನು ಪಾಪಿಗಳೆಂದು ಕರೆದಿಲ್ಲ, ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆ ಎಂಬುದು ಅವರ ಸಮರ್ಥನೆ. ಅವರ ಕಾಲಕ್ಕೆ ನಮ್ಮ ಪಂಚತಂತ್ರ ಪರ್ಶಿಯಾದ ಮೂಲಕ ಅರಬಿಗೆ ಹೋಗಿ ‘ಕಲೀಲ ವ ದಿಮ್ನ’ ಆಗಿ ಮನೆಮಾತಾಗಿತ್ತು. ಇತ್ತ 11ನೇ ಶತಮಾನದಲ್ಲಿ ದುರ್ಗಸಿಂಹ ಅದೇ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ. ಅಮೀರ್ ಹಂಝಾರ ಅದ್ಭುತ ದಾಸ್ತಾನನ್ನು ಅಕ್ಬರ್ ಚಿತ್ರಗಳಲ್ಲಿ ಬರೆಸಿದ. ಅದೇ ದಾಸ್ತಾನಿನಿಂದ ಬೆಳೆದ ‘ತಿಲಿಸ್ಮೆ ಹೋಶ್‌ರುಬಾ’ವನ್ನು 19ನೇ ಶತಮಾನದ ಕೊನೆಯಲ್ಲಿ ಸಂಪುಟ ಸಂಪುಟವಾಗಿ ಉರ್ದುವಿನಲ್ಲಿ ಅಚ್ಚು ಹಾಕಿದ್ದು ಲಕ್ನೋದ ಮುನ್ಷಿ ನವಲ್ ಕಿಶೋರರ ಮುದ್ರಣಾಲಯ. ಹೀಗಿರುವಾಗ ಮಾಯಾಲೋಕದ ಕಥೆ ಪಶ್ಚಿಮದಿಂದ ಮೊನ್ನೆ ಬಂದ ಪಿಡುಗು ಎನ್ನುವುದು ನಮ್ಮದೇ ಅಜ್ಜಂದಿರನ್ನು ಮರೆತ ಮಾತು.

ಇನ್ನು ನಿಜದ ಆಕ್ಷೇಪ. ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾಳ ದಾಂಪತ್ಯ ತಂದೆಯ ಹಟದಿಂದ ಮುರಿಯುತ್ತದೆ. ಮತ್ತೆ ಗಂಡನನ್ನು ಸೇರಬೇಕಾದರೆ ಬೇರೊಬ್ಬನ ಜೊತೆ ಒಂದು ರಾತ್ರಿಯ ಮದುವೆಯಾಗಬೇಕೆಂಬ ಶರತ್ತು ಬರುತ್ತದೆ. ಅದನ್ನು ತಾಳಲಾರದೆ ಅವಳು ಮಸೀದಿಯ ಕೆರೆಗೆ ಇಳಿಯುತ್ತಾಳೆ. ಇದನ್ನು ಓದಿ ಸಮುದಾಯದ ಮಾನ ಹೋಯಿತು ಎನ್ನುವವರು ಒಂದು ವಿಷಯ ಗಮನಿಸಬೇಕು. ಮೊದಲೇ ಮಾತಾಡಿಕೊಂಡು ನಡೆಸುವ ಇಂಥ ಮದುವೆಯನ್ನು ಪ್ರವಾದಿವರ್ಯರೇ(ಸ) ಶಪಿಸಿದ್ದಾರೆಂದು ಹದೀಸ್‌ಗಳಲ್ಲಿದೆ. ಹಾಗಿದ್ದ ಮೇಲೆ ಮಾನ ಹೋದದ್ದು ಅನ್ಯಾಯವನ್ನು ಬರೆದಾಗಲೋ, ಅದನ್ನು ಮಾಡಿದಾಗಲೋ? ಕಾದಂಬರಿಯ ನೋವು ಧರ್ಮಕ್ಕೆ ಎದುರಾದುದಲ್ಲ, ಧರ್ಮದ ಹೆಸರಿನಲ್ಲಿ ಗಂಡಸರು ಹೂಡಿದ ಹಟಕ್ಕೆ ಎದುರಾದುದು.

ಹಾಗೆಂದು ಎಲ್ಲ ಮಾಯಾಕಥೆಗಳೂ ಒಳ್ಳೆಯವು, ಎಲ್ಲ ವಾಸ್ತವ ಕಥೆಗಳೂ ಸತ್ಯ ಎಂದು ನಾವು ಹೇಳುವುದಿಲ್ಲ. ಕಥೆಗಳಲ್ಲಿಯೂ ಸುಳ್ಳುಗಳಿವೆ. ಆದರೆ ಆ ಸುಳ್ಳು ರೆಕ್ಕೆಯ ಕುದುರೆಯಲ್ಲಿ ಇರುವುದಿಲ್ಲ. ನಮ್ಮ ಅಳತೆಗೋಲು ಇದು: ಕಥೆ ಸುಳ್ಳಾಗುವುದು ಇಲ್ಲದ್ದನ್ನು ಕಲ್ಪಿಸಿದಾಗ ಅಲ್ಲ, ಬೆಲೆಯನ್ನು ಮುಚ್ಚಿಟ್ಟಾಗ. ಮನುಷ್ಯನ ಪ್ರತಿಯೊಂದು ಆಸೆಗೂ ಕೃತ್ಯಕ್ಕೂ ಮೌನಕ್ಕೂ ಒಂದು ಬೆಲೆಯಿದೆ. ಯಾರಾದರೂ ಅದನ್ನು ತೆರುತ್ತಾರೆ. ಯಾರು ತೆತ್ತರು ಎಂದು ತೋರಿಸುವ ಕಥೆಯಲ್ಲಿ ಹಾರುವ ಪೊರಕೆಯಿದ್ದರೂ ಅದು ನಿಜ. ಅದನ್ನು ಅಡಗಿಸುವ ಕಥೆ ನಮ್ಮ ಪಕ್ಕದ ಬೀದಿಯಲ್ಲೇ ನಡೆದರೂ ಸುಳ್ಳು.

ಅಜ್ಜ ಬೇಡವೆಂದ ಆ ಮೊದಲ ಪುಸ್ತಕದಲ್ಲೇ ಒಂದು ಕನ್ನಡಿಯಿದೆ. ನೋಡುವವರ ಎದೆಯಾಳದ ಆಸೆ ಅದರಲ್ಲಿ ಕಾಣುತ್ತದೆ. ಅನಾಥ ಹುಡುಗನಿಗೆ ಸತ್ತುಹೋದ ಅಪ್ಪ, ಅಮ್ಮ ಕಾಣುತ್ತಾರೆ. ಅವನು ರಾತ್ರಿಯೆಲ್ಲ ಅದರ ಮುಂದೆ ಕೂರಲು ಹೊರಟಾಗ, ಈ ಕನ್ನಡಿಯೆದುರು ಕುಳಿತೇ ಬಾಳು ಸವೆಸಿದವರಿದ್ದಾರೆ ಎಂದು ಹಿರಿಯ ಗುರು ಎಚ್ಚರಿಸುತ್ತಾನೆ. ಏಳು ಪುಸ್ತಕಗಳಷ್ಟು ಮಾಟವಿದ್ದರೂ ತಾಯಿ ತಂದೆಯರನ್ನು ಬದುಕಿಸಿ ಕೊಡುವ ಮಂತ್ರ ಅಲ್ಲಿಲ್ಲ. ಸಾವನ್ನು ಗೆಲ್ಲಲು ಹೊರಟ ದುಷ್ಟ ಅದಕ್ಕಾಗಿ ತನ್ನ ಆತ್ಮವನ್ನೇ ಚೂರು ಮಾಡಿಕೊಳ್ಳುತ್ತಾನೆ, ಅದರ ಒಂದು ಚೂರು ನಾಯಕನೊಳಗೇ ಇದೆ ಎಂಬುದೂ ಕೊನೆಗೆ ತಿಳಿಯುತ್ತದೆ. ಕೆಡುಕು ಹೊರಗೆ ಮಾತ್ರವಲ್ಲ, ನಮ್ಮೊಳಗೂ ಇದೆ ಎಂದು ಹೇಳುವ ಕಥೆ ಮಗುವನ್ನು ಕೆಡಿಸುತ್ತದೆಯೇ?

ನಾವು ಅಂಜಬೇಕಾದದ್ದು ಬೇರೆಯ ಬಗೆಯ ಮಾಯಾಕಥೆಗೆ. ಎಲ್ಲ ಕೆಡುಕನ್ನೂ ಒಂದು ಜಾತಿಯ, ಒಂದು ಬಣ್ಣದ, ಒಂದು ವೇಷದ ಜನರ ಮೇಲೆ ಹೊರಿಸಿ, ಅವರನ್ನು ಕೊಂದರೆ ಲೋಕ ಶುದ್ಧವಾಗುತ್ತದೆ ಎನ್ನುವ ಕಥೆಗೆ. ಅಲ್ಲಿ ಕೊಲೆಗೆ ಬೆಲೆಯಿಲ್ಲ. ಸತ್ತವನಿಗೂ ತಾಯಿಯಿದ್ದಳೆಂಬ ನೆನಪಿಲ್ಲ. ಇಂಥ ಕಥೆ ಓದಿ ಬೆಳೆದ ಹುಡುಗ ಮುಂದೆ ಪಕ್ಕದ ಮನೆಯವನನ್ನೇ ರಾಕ್ಷಸನೆಂದು ನಂಬಲು ಹೆಚ್ಚು ದಿನ ಬೇಕಿಲ್ಲ. ಇಲ್ಲಿ ಸುಳ್ಳು ಇರುವುದು ರಾಕ್ಷಸನಲ್ಲಲ್ಲ, ರಾಕ್ಷಸನಿಗೆ ಕೊಟ್ಟ ವಿಳಾಸದಲ್ಲಿ.

ವಾಸ್ತವ ಕಥೆಯೂ ಇದೇ ತಪ್ಪು ಮಾಡಬಲ್ಲದು. ಮುಸ್ಲಿಂ ಹೆಣ್ಣೆಂದರೆ ಸದಾ ಅಳುವವಳು, ಮುಸ್ಲಿಂ ಗಂಡೆಂದರೆ ಸದಾ ತಲಾಕ್ ಹೇಳುವವನು ಎಂಬ ಚಿತ್ರವನ್ನೇ ಮತ್ತೆ ಮತ್ತೆ ಕೊಟ್ಟರೆ, ಹೊರಗಿನ ಓದುಗ ಅಯ್ಯೋ ಎಂದು ತನ್ನ ಮನೆಯ ಬಗ್ಗೆ ನೆಮ್ಮದಿಯಾಗುತ್ತಾನೆ, ಒಳಗಿನ ಹುಡುಗಿ ತನಗೆ ಬೇರೆ ದಾರಿಯೇ ಇಲ್ಲವೆಂದುಕೊಳ್ಳುತ್ತಾಳೆ. ಇದಕ್ಕೆ ಮದ್ದು ನಾದಿರಾಳ ಕಥೆಯನ್ನು ಅಡಗಿಸುವುದಲ್ಲ, ಅದರ ಪಕ್ಕದಲ್ಲಿ ಇನ್ನಷ್ಟು ಕಥೆಗಳನ್ನು ಇಡುವುದು. ಬೊಳುವಾರು ಮಹಮದ್ ಕುಂಞಿ ಮುತ್ತುಪ್ಪಾಡಿಯ ಜನರನ್ನು ನಗುವವರನ್ನಾಗಿಯೂ ಬರೆದರು. ಭೇರ್ಯದ ಮುಂದೆ ಹಾದು ಹೋಗುವ ಅದೇ ರಸ್ತೆಯ ಆ ತುದಿಯ ಹಾಸನದಲ್ಲಿ ಕುಳಿತು ಬಾನು ಮುಷ್ತಾಕ್ ಬರೆದ ಕಥೆಗಳು, ದೀಪಾ ಭಾಸ್ತಿ ಅವರ ಅನುವಾದದಲ್ಲಿ, 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಮನೆಯ ಮಾತು ಬೀದಿಗೆ ಬಂದದ್ದರಿಂದ ಮನೆಯೇನೂ ಬೀಳಲಿಲ್ಲ.

ಈ ಎರಡು ಬಗೆಗಳ ನಡುವೆ ಗೋಡೆ ಇರಲೇಬೇಕೆಂದೂ ಇಲ್ಲ. ನಮ್ಮ ಮೈಸೂರು ಜಿಲ್ಲೆಯವರೇ ಆದ ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ಜಾತಿ ಮೀರಿ ಪ್ರೀತಿಸಿದ ದಲಿತ ಹುಡುಗನ ಕೊಲೆಯ ಕಥೆ ಹೇಳುತ್ತಾರೆ. ಅದರಲ್ಲಿ ಮನೆಮನೆಯ ದೀಪದ ಜೋತಮ್ಮಗಳು ರಾತ್ರಿ ಸೇರಿ ಮಾತನಾಡುತ್ತವೆ. ಮನುಷ್ಯರು ಬಾಯಿ ಮುಚ್ಚಿಕೊಂಡ ಊರಿನಲ್ಲಿ ನಿಜ ನುಡಿಯಲು ದೀಪಗಳೇ ಬರಬೇಕಾಯಿತು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿಯೂ ಆರಿದ ದೀಪಗಳು ಗುಡಿಯಲ್ಲಿ ಸೇರುತ್ತವೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಗಟ್ಟಿದ ಕಥೆ ಹೊರಬಂದು ಗಂಡಸಿನ ಜೋಡುಗಳಾಗುತ್ತದೆ, ಹಾಡು ಕೋಟಾಗುತ್ತದೆ. ಗಂಡ ಹೆಂಡತಿಯನ್ನು ಅನುಮಾನಿಸುತ್ತಾನೆ. ಹೇಳದೆ ಉಳಿದ ಕಥೆಗೂ ಬೆಲೆಯಿದೆ ಎಂಬುದನ್ನು ಹಳ್ಳಿಯ ಅಜ್ಜಿಯರು ಎಂದೋ ತಿಳಿದಿದ್ದರು.

ಬಂಗಾಳದ ರುಕಯ್ಯಾ ಸಖಾವತ್ ಹುಸೇನ್ ಎರಡೂ ದಾರಿಗಳಲ್ಲಿ ನಡೆದರು. 1905ರಲ್ಲಿ ಅವರ ‘ಸುಲ್ತಾನಾಳ ಕನಸು’ ಮದರಾಸಿನ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಗಂಡಸರು ಅಂತಃಪುರದಲ್ಲಿದ್ದಾರೆ, ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ನಾಡು ನಡೆಸುತ್ತಾರೆ, ಹಾರುವ ವಾಹನದಲ್ಲಿ ಸಂಚರಿಸುತ್ತಾರೆ. ಅದೇ ಲೇಖಕಿ 1931ರಲ್ಲಿ ‘ಅವರೋಧವಾಸಿನಿ’ ಎಂಬ ಪುಸ್ತಕದಲ್ಲಿ ಪರದೆಯ ಕಟ್ಟುಪಾಡಿನಲ್ಲಿ ನರಳಿದ ಹೆಂಗಸರ ನಿಜ ಪ್ರಸಂಗಗಳನ್ನು ಬರೆದರು. ಇವೆರಡರ ನಡುವೆ, 1911ರಲ್ಲಿ, ಕಲ್ಕತ್ತಾದಲ್ಲಿ ಮುಸ್ಲಿಂ ಹುಡುಗಿಯರಿಗಾಗಿ ಶಾಲೆ ತೆರೆದರು. ಇರುವ ಲೋಕವನ್ನು ಇದ್ದಂತೆ ನೋಡಲು ವಾಸ್ತವ ಕಥೆ ಬೇಕು. ಅದು ಹೀಗೇ ಇರಬೇಕಿಲ್ಲ ಎಂದು ತಿಳಿಯಲು ಕಲ್ಪನೆ ಬೇಕು. ಒಂದನ್ನು ಮಾತ್ರ ಓದಿದವರು ನಿರಾಶರಾಗಬಹುದು, ಇನ್ನೊಂದನ್ನು ಮಾತ್ರ ಓದಿದವರು ಕನ್ನಡಿಯ ಮುಂದೆಯೇ ಕುಳಿತುಬಿಡಬಹುದು. ರುಕಯ್ಯಾ ಕನಸನ್ನೂ ನಿಜವನ್ನೂ ಬರೆದು ಶಾಲೆಯನ್ನೂ ಕಟ್ಟಿದರು.

ಆದ್ದರಿಂದ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವಿನ ಕೈಯ ಪುಸ್ತಕವನ್ನು ಬೇಡವೆನ್ನುವ ಹಕ್ಕು ನಿಮಗಿರಬಹುದು. ಆದರೆ ಅದನ್ನು ಮೊದಲು ಓದಿ. ಓದಲಾಗದಿದ್ದರೆ ಮಗುವಿನಿಂದ ಕಥೆ ಕೇಳಿ. ಇಲ್ಲಿ ತಪ್ಪು ಮಾಡಿದವರು ಯಾರು, ಬೆಲೆ ತೆತ್ತವರು ಯಾರು ಎಂದು ಕೇಳಿ. ಆ ಎರಡು ಪ್ರಶ್ನೆಗಳನ್ನು ಕಲಿತ ಮಗುವಿಗೆ ಯಾವ ಪುಸ್ತಕವೂ ಸುಲಭವಾಗಿ ಮೋಸ ಮಾಡಲಾರದು. ಮೊಬೈಲಿನಲ್ಲಿ ಬರುವ ಕಥೆಯೂ ಮಾಡಲಾರದು.

ಭೇರ್ಯದ ಆ ಮನೆಯಿಂದ ಹೊರಡುವ ಮೊದಲು ನಾವು ಕನ್ನಡಿಯ ಪ್ರಸಂಗವನ್ನು ಅಜ್ಜನಿಗೆ ಹೇಳುವಂತೆ ಹುಡುಗಿಗೆ ಹೇಳಿದೆವು. ಅವರು ಸುಮ್ಮನೆ ಕೇಳಿದರು. “ಆಮೇಲೆ? ಆ ಹುಡುಗನಿಗೆ ತಾಯಿ ಸಿಕ್ಕಳಾ?” ಎಂದರು. “ಇಲ್ಲ ದಾದಾ, ಸಿಗಲ್ಲ” ಎಂದಳು ಹುಡುಗಿ. ಅವರು ತುಸು ಹೊತ್ತು ಮಾತಾಡಲಿಲ್ಲ. ನಂತರ, “ಹಾಗಾದರೆ ಬರೆದವರು ಸುಳ್ಳು ಬರೆದಿಲ್ಲ” ಎಂದರು. ಇನ್ನೊಂದು ಪುಸ್ತಕದ ವಿಷಯ ಅಂದು ಇತ್ಯರ್ಥವಾಗಲಿಲ್ಲ. ಆದರೆ ಅದು ಮೇಜಿನ ಮೇಲೆಯೇ ಇತ್ತು.